ಗೇಟಿನ ಪಕ್ಕದ ಡಬ್ಬಿ: ಕೃಷ್ಣಾ–ಭೀಮಾ ನಡುವಿನ ನೆಲದಲ್ಲಿ ಎಂಜಿನಿಯರಿಂಗ್ ಸಂಶೋಧನೆ



2023ರ ಜನವರಿ 19ರಂದು ನಮ್ಮ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣ ಕಾಮಗಾರಿಯ ಉದ್ಘಾಟನೆ ನಡೆಯಿತು. ಸುಮಾರು 4,700 ಕೋಟಿ ರೂಪಾಯಿ ವೆಚ್ಚ, 10,000 ಕ್ಯೂಸೆಕ್ ಹರಿಯುವ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರು. ಈ ಅಂಕಿಗಳು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದವು. ಇವತ್ತು ನಾನು ಮಾತಾಡಲು ಹೊರಟಿರುವುದು ಯಾವ ಪತ್ರಿಕೆಯಲ್ಲೂ ಬಾರದ ಒಂದು ವಸ್ತುವಿನ ಬಗ್ಗೆ. ಕಾಲುವೆ ಗೇಟಿನ ಪಕ್ಕದಲ್ಲಿ ಕಂಬಕ್ಕೆ ಬಿಗಿದಿರುವ ತಗಡಿನ ಡಬ್ಬಿ ಅದು.

ನಾರಾಯಣಪುರದಿಂದ ಹೊರಟ ಮುಖ್ಯ ಕಾಲುವೆ 78 ಕಿಲೋಮೀಟರ್ ಹರಿಯುತ್ತದೆ. ಅದರ ಜಾಲದಲ್ಲಿ ಶಹಾಪುರ ಶಾಖೆ, ಮುಡಬಾಳ ಶಾಖೆ, ಜೇವರ್ಗಿ ಶಾಖೆ, ಇಂಡಿ ಶಾಖೆ, ಅವುಗಳಿಂದ ವಿತರಣಾ ನಾಲೆಗಳು, ಮತ್ತೆ ಲ್ಯಾಟರಲ್‌ಗಳು. ಈ ಇಡೀ ಜಾಲದಲ್ಲಿ ಸಣ್ಣವು ದೊಡ್ಡವು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಗೇಟುಗಳಿವೆ. ಹಿಂದೆ ಗೇಟು ಎತ್ತಲು ಒಬ್ಬ ಮನುಷ್ಯ ಸೈಕಲ್ ಮೇಲೋ ಬೈಕ್ ಮೇಲೋ ಹೋಗಿ, ಚಕ್ರ ತಿರುಗಿಸಿ ಬರುತ್ತಿದ್ದ. ಈಗ ಮುಖ್ಯವಾದ ಗೇಟುಗಳನ್ನು ದೂರದ ಕೊಠಡಿಯಲ್ಲಿ ಕೂತೇ ನಡೆಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ಇಂಥ ದೂರನಿಯಂತ್ರಿತ ಗೇಟಿನ ಬಳಿ ಸಾಮಾನ್ಯವಾಗಿ ಇರುವ ಸಾಮಾನು ಇಷ್ಟು: ಒಂದು ಸೌರಫಲಕ, ನೀರಿನ ಮಟ್ಟ ಅಳೆಯುವ ಸೆನ್ಸರ್, ಸಂದೇಶ ಕಳಿಸುವ ರೇಡಿಯೋ, ಗೇಟು ಎತ್ತುವ ಮೋಟರು, ಇವೆಲ್ಲಕ್ಕೂ ಜೀವ ಕೊಡುವ ಬ್ಯಾಟರಿ. ಕೊನೆ ಭಾಗದ ರೈತನ ತೊಗರಿಗೋ ಮೆಣಸಿನಕಾಯಿಗೋ ನೀರು ಮುಟ್ಟುವುದು ಈ ಡಬ್ಬಿಯ ಆರೋಗ್ಯದ ಮೇಲೆ ನಿಂತಿದೆ.

ಬ್ಯಾಟರಿ ಸಂಶೋಧನೆ, ರೋಬೋಟ್ ಸಂಶೋಧನೆ, ಕಟ್ಟಡ–ಸೇತುವೆಗಳ ಸುರಕ್ಷತೆಯ ಸಂಶೋಧನೆ ಎಂದು ನಮ್ಮ ಕಾಲೇಜುಗಳಲ್ಲಿ ಮೂರು ಬೇರೆ ವಿಭಾಗಗಳಿವೆ. ಎಲೆಕ್ಟ್ರಿಕಲ್‌ನವರು ಒಂದು, ಮೆಕ್ಯಾನಿಕಲ್‌ನವರು ಒಂದು, ಸಿವಿಲ್‌ನವರು ಮತ್ತೊಂದು. ಕಾಲುವೆಯ ದಂಡೆಯ ಮೇಲೆ ನಿಂತರೆ ಈ ಮೂರೂ ಒಂದೇ ಪ್ರಶ್ನೆಯಾಗಿ ಎದುರಿಗೆ ಬರುತ್ತವೆ. ಆ ಪ್ರಶ್ನೆಯ ಒಳ್ಳೆಯ ಭಾಗವನ್ನು ಯಾದಗಿರಿ, ಶಹಾಪುರ, ಸುರಪುರದಲ್ಲೇ ಬಿಡಿಸಬೇಕು, ಇಲ್ಲಿಯೇ ಬಿಡಿಸಲು ಸಾಧ್ಯ ಎನ್ನುವುದು ನನ್ನ ನಂಬಿಕೆ. ಯಾಕೆ ಹಾಗೆ ನಂಬಿದ್ದೇನೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಡಬ್ಬಿಯನ್ನು ತೆರೆದು ನೋಡೋಣ. ಒಳಗೆ ಸೀಸ–ಆಮ್ಲದ ಬ್ಯಾಟರಿ ಇದೆ ಎಂದುಕೊಳ್ಳಿ. ಸುಮ್ಮನಿದ್ದಾಗ ಅದರ ಎರಡು ತುದಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುತ್ತದೆ. ನೋಡಿದವರು ತುಂಬಿದೆ ಎನ್ನುತ್ತಾರೆ. ಆದರೆ ಗೇಟಿನ ಮೋಟರು ತಿರುಗಲು ಶುರುವಾದ ಕ್ಷಣ ಅದೇ ವೋಲ್ಟೇಜ್ ಒಂಬತ್ತಕ್ಕೋ ಹತ್ತಕ್ಕೋ ಕುಸಿದರೆ, ಗೇಟು ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿಯ ಒಳಗಿನ ತಡೆ, ಅಂದರೆ ಆಂತರಿಕ ರೋಧ, ಏರಿಬಿಟ್ಟಿರುತ್ತದೆ. ಸುಮ್ಮನಿದ್ದಾಗ ಹಿಡಿದ ಮೀಟರಿಗೆ ಅದು ಕಾಣುವುದಿಲ್ಲ. ಕೆಲಸಕ್ಕೆ ಹಚ್ಚಿದಾಗ ಮಾತ್ರ ಕಾಣುತ್ತದೆ.

ಇದಕ್ಕೆ ದೊಡ್ಡ ಕಾರಣ ನಮ್ಮ ಬಿಸಿಲು. ಬ್ಯಾಟರಿ ಕಂಪನಿಗಳು ಐದು ವರ್ಷ ಬಾಳಿಕೆ ಎಂದು ಬರೆಯುವಾಗ ಅದನ್ನು 25 ಇಲ್ಲವೇ 27 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿರುತ್ತಾರೆ. ಸೀಸ–ಆಮ್ಲ ಬ್ಯಾಟರಿಯ ವಿಷಯದಲ್ಲಿ ಎಂಜಿನಿಯರುಗಳು ಬಳಸುವ ಒಂದು ಒರಟು ಸೂತ್ರವಿದೆ: ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ. ಯಾದಗಿರಿಯ ಮೇ ತಿಂಗಳಲ್ಲಿ ನೆರಳಿನಲ್ಲೇ 42–43 ಡಿಗ್ರಿ. ಬಿಸಿಲಿಗೆ ನಿಂತ ತಗಡಿನ ಡಬ್ಬಿಯ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಇಡೀ ವರ್ಷ 45 ಡಿಗ್ರಿಯಲ್ಲೇ ಇಟ್ಟರೆ ಐದು ವರ್ಷದ ಬ್ಯಾಟರಿ ಒಂದೂವರೆ ವರ್ಷದ ಆಸುಪಾಸಿಗೆ ಸಾಯುತ್ತದೆ ಎಂದು ಆ ಸೂತ್ರ ಹೇಳುತ್ತದೆ. ನಮ್ಮಲ್ಲಿ ವರ್ಷವಿಡೀ ಅಷ್ಟು ಬಿಸಿಲಿಲ್ಲ, ಚಳಿಗಾಲವೂ ಇದೆ, ನಿಜ. ಆದರೆ ಏಪ್ರಿಲ್, ಮೇ ತಿಂಗಳ ಹೊಡೆತ ತಿಂದ ಬ್ಯಾಟರಿ ಜುಲೈ–ಆಗಸ್ಟ್‌ನಲ್ಲಿ, ಕೃಷ್ಣೆ ತುಂಬಿ ಗೇಟುಗಳು ಮೇಲಿಂದ ಮೇಲೆ ಕದಲಬೇಕಾದ ಹೊತ್ತಿನಲ್ಲಿ, ಎಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ? ಇದಕ್ಕೆ ಉತ್ತರ ಪುಣೆಯ ಪ್ರಯೋಗಾಲಯದಲ್ಲೂ ಇಲ್ಲ, ಶೆನ್ಜೆನ್‌ನ ಕಾರ್ಖಾನೆಯಲ್ಲೂ ಇಲ್ಲ. ಹುಣಸಗಿಯ ಬಯಲಿನಲ್ಲಿ ನಿಂತ ಡಬ್ಬಿಯೊಳಗೆ ಇದೆ. ಡಬ್ಬಿಗೆ ಬಿಳಿ ಬಣ್ಣ ಬಳಿದರೆ, ಎರಡು ಪದರದ ತಗಡು ಹಾಕಿದರೆ, ಬ್ಯಾಟರಿಯನ್ನು ನೆಲದೊಳಗೆ ಮೂರಡಿ ಹೂತರೆ ಎಷ್ಟು ಡಿಗ್ರಿ ಇಳಿಯುತ್ತದೆ, ಎಷ್ಟು ತಿಂಗಳು ಆಯುಷ್ಯ ಉಳಿಯುತ್ತದೆ ಎಂದು ಅಳೆದು ಬರೆದರೆ ಅದು ಗಟ್ಟಿಯಾದ ಸಂಶೋಧನೆ. ಅದಕ್ಕೆ ಬೇಕಾದ ಥರ್ಮಾಮೀಟರು ಕೆಲವು ನೂರು ರೂಪಾಯಿಯದು.

ಸೀಸದ ಜಾಗಕ್ಕೆ ಈಗ ಲಿಥಿಯಂ ಬರುತ್ತಿದೆ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ಎಐಎಸ್–156 ಎಂಬ ಮಾನದಂಡವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ತಂದರು. ಬಿಸಿ ನಾಡಿಗೆ ಹೆಚ್ಚು ಸುರಕ್ಷಿತ ಎಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಆರಿಸಿಕೊಳ್ಳುವವರು ಹೆಚ್ಚು. ಆ ವಸ್ತುವಿನ ಗುಣ ಮೊದಲು ತೋರಿಸಿದ್ದು ಟೆಕ್ಸಸ್‌ನಲ್ಲಿ ಜಾನ್ ಗುಡ್ಇನಫ್ ಅವರ ತಂಡ, 1990ರ ದಶಕದಲ್ಲಿ. 2019ರಲ್ಲಿ, 97ನೇ ವಯಸ್ಸಿನಲ್ಲಿ, ಅವರು ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಈ ಬ್ಯಾಟರಿ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಅದರಲ್ಲೊಂದು ತೊಡಕಿದೆ. ಒಂದು ಕೋಶದಲ್ಲಿ ಶೇಕಡ 80ರಷ್ಟು ಶಕ್ತಿ ಇದ್ದಾಗಲೂ, 20ಕ್ಕೆ ಇಳಿದಾಗಲೂ ವೋಲ್ಟೇಜು ಹೆಚ್ಚುಕಡಿಮೆ 3.2–3.3ರಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡಿ ಒಳಗೆ ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಒಳಗೆ ಹೋದ ವಿದ್ಯುತ್ತು, ಹೊರಬಂದ ವಿದ್ಯುತ್ತು ಎರಡನ್ನೂ ಕೂಡಿಸಿ ಕಳೆದು ಲೆಕ್ಕ ಇಡಬಹುದು. ಆದರೆ ಸಣ್ಣ ತಪ್ಪುಗಳು ದಿನದಿನಕ್ಕೆ ಸೇರಿ ತಿಂಗಳಲ್ಲಿ ಆ ಲೆಕ್ಕವೂ ಹಳಿ ತಪ್ಪುತ್ತದೆ.

ಹಾಗಾದರೆ ಕಾಣದ್ದನ್ನು ತಿಳಿಯುವುದು ಹೇಗೆ? ನಮ್ಮ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದವರು ಕತ್ತಲಲ್ಲಿ ಇದನ್ನೇ ಮಾಡುತ್ತಿದ್ದರು. ಇಷ್ಟು ಹುಟ್ಟು ಹಾಕಿದ್ದೇನೆ, ಸೆಳವು ಇಷ್ಟಿದೆ, ಹಾಗಾದರೆ ಈಗ ಇಲ್ಲಿರಬೇಕು ಎಂದು ಮೊದಲು ಮನಸ್ಸಿನಲ್ಲಿ ಒಂದು ಅಂದಾಜು. ಆಚೆ ದಡದಲ್ಲಿ ದೀಪವೊಂದು ಕಂಡ ಕೂಡಲೆ ಆ ಅಂದಾಜನ್ನು ಒಂದಿಷ್ಟು ತಿದ್ದಿಕೊಳ್ಳುವುದು. ದೀಪ ಮಂಜಿನಲ್ಲಿ ಮಸುಕಾಗಿದ್ದರೆ ಕಡಿಮೆ ತಿದ್ದುವುದು, ನಿಚ್ಚಳವಾಗಿದ್ದರೆ ಹೆಚ್ಚು ತಿದ್ದುವುದು. ಯಾವುದನ್ನು ಎಷ್ಟು ನಂಬಬೇಕು ಎಂಬ ಈ ತೂಗುವಿಕೆಗೆ 1960ರಲ್ಲಿ ರುಡಾಲ್ಫ್ ಕಾಲ್ಮನ್ ಎಂಬ ಗಣಿತಜ್ಞ ಒಂದು ಖಚಿತ ಲೆಕ್ಕ ಕೊಟ್ಟರು. ಕಾಲ್ಮನ್ ಫಿಲ್ಟರ್ ಎಂದು ಅದರ ಹೆಸರು. ಚಂದ್ರನ ಕಡೆ ಹೊರಟ ಅಪೊಲೊ ನೌಕೆ ತಾನು ಎಲ್ಲಿದ್ದೇನೆಂದು ತಿಳಿದದ್ದು ಅದರಿಂದಲೇ. ಇವತ್ತು ಎಲೆಕ್ಟ್ರಿಕ್ ವಾಹನದ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಪರದೆಯ ಮೇಲೆ ಬರುವ ಅಂಕಿಯ ಹಿಂದೆ ಬಹಳ ಕಡೆ ಅದೇ ಲೆಕ್ಕ ಅಥವಾ ಅದರ ತಮ್ಮಂದಿರು ಇರುತ್ತಾರೆ. ಗೋಡೌನಿನಲ್ಲಿ ಓಡಾಡುವ ರೋಬೋಟು ತಾನು ಎಲ್ಲಿದ್ದೇನೆಂದು ತಿಳಿಯುವುದೂ ಅದರಿಂದ. ಸೇತುವೆಯ ಕಂಪನವನ್ನು ಅಳೆದು, ಕಣ್ಣಿಗೆ ಕಾಣದ ಅದರ ಬಿಗಿತ ಎಷ್ಟು ಉಳಿದಿದೆ ಎಂದು ಅಂದಾಜು ಮಾಡುವುದೂ ಅದರಿಂದ. ಬ್ಯಾಟರಿಯ ಶಕ್ತಿ, ರೋಬೋಟಿನ ಜಾಗ, ಸೇತುವೆಯ ಗಟ್ಟಿತನ: ಮೂರನ್ನೂ ಯಾರೂ ನೇರವಾಗಿ ನೋಡಲಾರರು, ಮೂರಕ್ಕೂ ಗಣಿತ ಒಂದೇ. ಒಂದು ಸಣ್ಣ ಕಾಲೇಜಿನಲ್ಲಿ ಮೂರು ವಿಭಾಗದ ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಕಲಿಯಬಹುದಾದ ವಿದ್ಯೆ ಇದು. ದೊಡ್ಡ ಸಂಸ್ಥೆಗಳಲ್ಲಿ ವಿಭಾಗಗಳ ನಡುವೆ ಗೋಡೆಗಳು ಎತ್ತರ. ಇಲ್ಲಿ ಅಷ್ಟು ಎತ್ತರವಿಲ್ಲ ಎನ್ನುವುದನ್ನು ನಾನು ನಮ್ಮ ಭಾಗ್ಯವೆಂದೇ ತಿಳಿಯುತ್ತೇನೆ.

ರೋಬೋಟಿನ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಅಣೆಕಟ್ಟಿನ ಗೋಡೆಯ ನೀರೊಳಗಿನ ಭಾಗ, ಗೇಟಿನ ತಳ, ಸೇತುವೆ ಕಂಬದ ಬುಡ, ಇವನ್ನೆಲ್ಲ ನೋಡಲು ಹಿಂದೆ ಮುಳುಗುಗಾರರನ್ನು ಇಳಿಸುತ್ತಿದ್ದರು. ತುಂಬಿದ ಜಲಾಶಯದಲ್ಲಿ ಸಣ್ಣ ಸೋರಿಕೆಯ ಹತ್ತಿರ ಹೋದರೂ ನೀರಿನ ಒತ್ತಡ ಮನುಷ್ಯನನ್ನು ಗೋಡೆಗೆ ಹೀರಿ ಹಿಡಿದುಬಿಡುತ್ತದೆ. ಈ ಕೆಲಸಕ್ಕೆ ಯಂತ್ರ ಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ಪ್ಲಾನಿಸ್ ಎಂಬ ಕಂಪನಿ ದೇಶದ ಹಲವು ಅಣೆಕಟ್ಟುಗಳಲ್ಲಿ ನೀರೊಳಗಿನ ರೋಬೋಟು ಇಳಿಸಿ ನೋಡಿದೆ. ಆದರೆ ಆಗಸ್ಟ್‌ನ ಕೃಷ್ಣೆ ಕೆಂಪು ಕೆಸರು. ಕ್ಯಾಮೆರಾ ಕುರುಡಾಗುತ್ತದೆ, ಜಿಪಿಎಸ್ ನೀರೊಳಗೆ ಇಳಿಯುವುದಿಲ್ಲ, ಸದ್ದಿನಿಂದ ನೋಡುವ ಸೋನಾರ್ ಒಂದೇ ಕಣ್ಣು. ಕೇಬಲ್ ಇಲ್ಲದೆ ಈಜುವ ರೋಬೋಟಿಗೆ ಇನ್ನೊಂದು ಕಷ್ಟ. ನೀರಿನ ವೇಗ ಎರಡು ಪಟ್ಟಾದರೆ ಅದರ ಎದುರು ಈಜಿ ನಿಲ್ಲಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹೊರಟ ಜಾಗಕ್ಕೆ ಮರಳಲು ಬ್ಯಾಟರಿ ಸಾಲುತ್ತದೆಯೇ ಇಲ್ಲವೇ ಎಂದು ಅದು ತಾನೇ ನಿರ್ಧರಿಸಬೇಕು. ಬ್ಯಾಟರಿಯ ಲೆಕ್ಕ ಶೇಕಡ ಹತ್ತು ತಪ್ಪಿದರೆ ರೋಬೋಟು ಮರಳಿ ಬರುವುದಿಲ್ಲ. ತಿಳಿನೀರಿನ ತೊಟ್ಟಿಯಲ್ಲಿ ಪಾಸಾದ ಯಂತ್ರ ನಮ್ಮ ಕೆಂಪು ನೀರಿನಲ್ಲಿ ಪಾಸಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆ ಪರೀಕ್ಷೆ ಇಲ್ಲಿಯೇ ನಡೆಯಬೇಕು.

ಈಗ ಗೇಟಿಗೆ ಬರೋಣ. ಇದನ್ನು ನಿಧಾನವಾಗಿ ಹೇಳಬೇಕು.

1964ರ ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ಮಾಡಿದವರು ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ. ಮುಂದಿನ ಕೆಲವೇ ವಾರಗಳಲ್ಲಿ ಅವರು ಪ್ರಧಾನಿಯಾದರು. ನಮ್ಮ ನಾರಾಯಣಪುರದ ಬಸವಸಾಗರ ಪೂರ್ತಿಯಾದದ್ದು 1982ರಲ್ಲಿ. ಹತ್ತು ಕಿಲೋಮೀಟರಿಗೂ ಉದ್ದದ ಅಣೆ, 30 ಕ್ರೆಸ್ಟ್ ಗೇಟುಗಳು. ಇವು ರೇಡಿಯಲ್ ಗೇಟುಗಳು: ಬಾಗಿದ ಉಕ್ಕಿನ ತಟ್ಟೆ, ಅದರ ಹಿಂದೆ ಎರಡು ಕಡೆ ಉಕ್ಕಿನ ತೋಳುಗಳು, ತೋಳುಗಳ ತುದಿಯಲ್ಲಿ ಟ್ರನಿಯನ್ ಎಂಬ ದಪ್ಪ ಗುಜ್ಜು. ಗೇಟು ಏಳುವಾಗ ಆ ಎರಡು ಗುಜ್ಜಿನ ಸುತ್ತ ತಿರುಗುತ್ತದೆ. 15 ಮೀಟರ್ ಅಗಲ, 12 ಮೀಟರ್ ಎತ್ತರದ ಗೇಟೊಂದರ ಹಿಂದೆ ನೀರು ತುಂಬಿ ನಿಂತಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ನೀರು ಅದನ್ನು ದೂಡುವ ಬಲ ಸಾವಿರ ಟನ್ ದಾಟುತ್ತದೆ. ಅಷ್ಟೂ ಭಾರ ತೋಳುಗಳ ಮೂಲಕ ಎರಡೇ ಎರಡು ಗುಜ್ಜುಗಳ ಮೇಲೆ ಹೋಗಿ ಕೂರುತ್ತದೆ. ಗುಜ್ಜು ನುಣುಪಾಗಿದ್ದರೆ ಗೇಟು ಸಲೀಸಾಗಿ ತಿರುಗುತ್ತದೆ. ತುಕ್ಕು ಹಿಡಿದರೆ ತಿರುಗಲು ಎದುರಾಡುತ್ತದೆ, ಆ ಎದುರಾಟ ತೋಳನ್ನು ಬಗ್ಗಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋಲ್ಸಮ್ ಅಣೆಕಟ್ಟು ಕಟ್ಟಿ ನಾಲ್ಕು ದಶಕವಾಗುವ ಹೊತ್ತು. 1995ರ ಜುಲೈ 17ರ ಬೆಳಗ್ಗೆ ತುಂಬಿದ ಜಲಾಶಯದ 3ನೇ ಗೇಟನ್ನು ತೆರೆಯುತ್ತಿದ್ದಾಗ ತೋಳಿನ ಅಡ್ಡಪಟ್ಟಿಯೊಂದು ಕಿತ್ತುಹೋಯಿತು, ಹಿಂದೆಯೇ ಗೇಟೇ ಕುಸಿಯಿತು. ಸುಮಾರು 40,000 ಕ್ಯೂಸೆಕ್ ನೀರು ಹೊರನುಗ್ಗಿತು. ತನಿಖೆಯಲ್ಲಿ ಸಿಕ್ಕ ಕಾರಣ ಗುಜ್ಜಿನ ತುಕ್ಕು. ಎಣ್ಣೆ–ಗ್ರೀಸು ಹಾಕುವ ಸರದಿ ಕಡಿಮೆಯಾಗಿತ್ತು, ತುಕ್ಕು ಬೆಳೆದಿತ್ತು, ಘರ್ಷಣೆ ವರ್ಷವರ್ಷಕ್ಕೂ ಏರಿತ್ತು. ವಿನ್ಯಾಸ ಮಾಡಿದವರು ಗುಜ್ಜಿನ ಘರ್ಷಣೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದಾದ ಮೇಲೆ ಜಗತ್ತಿನ ಎಂಜಿನಿಯರುಗಳು ರೇಡಿಯಲ್ ಗೇಟನ್ನು ನೋಡುವ ರೀತಿಯೇ ಬದಲಾಯಿತು.

ನಮ್ಮಲ್ಲೂ 2005ರ ಅಕ್ಟೋಬರ್‌ನಲ್ಲಿ ನಾರಾಯಣಪುರದ ಒಂದು ಗೇಟು ಕಿತ್ತುಹೋಗಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ನೀರುಪಾಲಾಯಿತು. ಅಲ್ಲಿನ ಗೇಟುಗಳು ಬೇರೆ ಬಗೆಯವು, ನೇರವಾಗಿ ಮೇಲೇಳುವಂಥವು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆ ಕಾರ್ಮಿಕರು ಮಾಡಿದ ಕೆಲಸಕ್ಕೆ ನಾನು ಈ ವೇದಿಕೆಯಿಂದ ಕೈಮುಗಿಯುತ್ತೇನೆ. ಆದರೆ ಮರುವರ್ಷ ಉಳಿದ ಗೇಟುಗಳ ಸ್ಥಿತಿ ನೋಡಿ, 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಗೆ ನೀರು ನಿಲ್ಲಿಸಬೇಕಾಯಿತು. ಸವೆದ ಉಕ್ಕು 25 ಟಿಎಂಸಿ ನೀರನ್ನು ರೈತರಿಂದ ಕಸಿದುಕೊಂಡಿತು ಎಂದರೆ ಹೆಚ್ಚು ಹೇಳಿದಂತಾಗದು.

ಇದನ್ನು ಹೇಳುತ್ತಿರುವುದು ಯಾರನ್ನೂ ಹೆದರಿಸಲಿಕ್ಕೆ ಅಲ್ಲ. ಗುಜ್ಜಿನ ಘರ್ಷಣೆ ರಾತ್ರೋರಾತ್ರಿ ಏರುವುದಿಲ್ಲ, ಹಲವು ವರ್ಷಗಳಲ್ಲಿ ಏರುತ್ತದೆ. ಏರುವುದನ್ನು ಅಳೆಯಲು ಬರುತ್ತದೆ. ಗೇಟು ಎತ್ತುವ ಮೋಟರಿನ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ತಿಳಿಯುತ್ತದೆ. ಕಳೆದ ವರ್ಷ ಇದೇ ನೀರಿನ ಮಟ್ಟದಲ್ಲಿ, ಇದೇ ಗೇಟನ್ನು ಇಷ್ಟೇ ಎತ್ತಿದಾಗ ಎಳೆದದ್ದು ಎಷ್ಟು, ಈ ವರ್ಷ ಎಷ್ಟು? ಹತ್ತು ವರ್ಷ ಹೀಗೆ ಬರೆದಿಟ್ಟರೆ ಗೇಟು ತನ್ನ ಕಷ್ಟವನ್ನು ತಾನೇ ಹೇಳುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ದೊಡ್ಡ ಅಣೆಕಟ್ಟುಗಳನ್ನು ಪರಿಶೀಲಿಸಬೇಕೆಂದು ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಕಾಲುವೆಯ ಗೇಟುಗಳು, ನೀರನ್ನು ಹಳ್ಳ ದಾಟಿಸುವ ಅಕ್ವೆಡಕ್ಟ್‌ಗಳು, ಹಳ್ಳಿ ಸೇತುವೆಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅವು ನಮ್ಮ ಪಾಲಿಗೆ ಉಳಿದಿವೆ.

ಸೇತುವೆಗಳ ಬಗ್ಗೆ ಒಂದು ಮಾತು. ತುಂಗಭದ್ರಾ ಗೇಟು ಹೋಗುವ ಮೂರು ದಿನ ಮುಂಚೆ, 2024ರ ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಅದಕ್ಕೆ ನಾಲ್ಕು ದಶಕದ ವಯಸ್ಸು. ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದದ್ದು ನಮ್ಮೆಲ್ಲರ ಪುಣ್ಯ. ನಮ್ಮಲ್ಲಿ ಶಹಾಪುರದಿಂದ ದೇವದುರ್ಗದ ಕಡೆ ಹೋಗುವ ಕೊಳ್ಳೂರು ಸೇತುವೆ ಇದೆ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಅದು ಮುಳುಗಿದ ಸುದ್ದಿ ನೀವು ಓದುತ್ತೀರಿ. ನೀರು ಇಳಿದ ಮೇಲೆ ಡಾಂಬರು ಕಿತ್ತಿದೆಯೇ, ತಡೆಗಂಬಿ ಉಳಿದಿದೆಯೇ ಎಂದು ಎಲ್ಲರೂ ಮೇಲಿನಿಂದ ನೋಡುತ್ತಾರೆ. ನಿಜವಾದ ಪ್ರಶ್ನೆ ಇರುವುದು ಕೆಳಗೆ: ಸೆಳವು ಕಂಬಗಳ ಬುಡದ ಮರಳನ್ನು ಎಷ್ಟು ಕೊರೆದು ಒಯ್ದಿದೆ? ಪ್ರವಾಹ ಜೋರಾಗಿದ್ದಾಗ ಆಳವಾದ ಗುಂಡಿ ಬೀಳುತ್ತದೆ, ಇಳಿಯುವಾಗ ಸಡಿಲ ಮರಳು ಬಂದು ಅದನ್ನು ಮತ್ತೆ ತುಂಬುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದನ್ನು ತಿಳಿಯಲು ಒಂದು ದಾರಿ ಸೇತುವೆಯ ಕಂಪನ. ಪ್ರತಿ ಸೇತುವೆಗೂ ತನ್ನದೇ ಒಂದು ಸಹಜ ಆವರ್ತನವಿರುತ್ತದೆ. ಲಾರಿ ದಾಟಿದ ಮೇಲೆ ಅದು ಸೆಕೆಂಡಿಗೆ ಎಷ್ಟು ಬಾರಿ ನಡುಗುತ್ತದೆ ಎಂಬುದನ್ನು ನಿಮ್ಮ ಕೈಯಲ್ಲಿರುವ ಮೊಬೈಲಿನ ಸೆನ್ಸರೇ ಅಳೆಯಬಲ್ಲದು. ಬಿಗಿತ ಶೇಕಡ 10 ಕುಗ್ಗಿದರೆ ಆವರ್ತನ ಸುಮಾರು ಶೇಕಡ 5 ಇಳಿಯುತ್ತದೆ. ಕೇಳಲು ಸುಲಭ, ಆದರೆ ಸ್ವಿಟ್ಜರ್ಲೆಂಡಿನ ಝಡ್–24 ಎಂಬ ಸೇತುವೆ ಒಂದು ಪಾಠ ಕಲಿಸಿತು. 1997–98ರಲ್ಲಿ, ಕೆಡವುವ ಮುಂಚೆ, ಅದರ ಕಂಪನವನ್ನು ಹೆಚ್ಚುಕಡಿಮೆ ಒಂದು ವರ್ಷ ಎಡೆಬಿಡದೆ ಅಳೆದರು. ಕೊನೆಗೆ ಬೇಕೆಂದೇ ಒಂದೊಂದೇ ಕಡೆ ಹಾನಿ ಮಾಡಿ ನೋಡಿದರು. ಹಾನಿಯಿಂದ ಆದ ಬದಲಾವಣೆಯ ಜೊತೆಗೆ, ಬರೀ ಚಳಿ–ಸೆಕೆಗಳಿಂದಲೇ ಆವರ್ತನ ಅಷ್ಟಿಷ್ಟಲ್ಲದೆ ಏರಿಳಿದಿತ್ತು. ಅಲ್ಲಿ ಡಾಂಬರು ಹೆಪ್ಪುಗಟ್ಟಿ ಸೇತುವೆಯನ್ನು ಬಿಗಿ ಮಾಡಿತ್ತು. ಇಲ್ಲಿ ಹೆಪ್ಪುಗಟ್ಟುವುದಿಲ್ಲ, ಮೇ ತಿಂಗಳ ಮಧ್ಯಾಹ್ನ ಮೆತ್ತಗಾಗುತ್ತದೆ, ಬೇರಿಂಗುಗಳು ಹಿಗ್ಗುತ್ತವೆ. ಕೊಳ್ಳೂರು ಸೇತುವೆ ಆರೋಗ್ಯವಾಗಿದ್ದಾಗ ಜನವರಿಯ ಮುಂಜಾವಿನಲ್ಲಿ ಹೇಗೆ ನಡುಗುತ್ತದೆ, ಮೇ ತಿಂಗಳ ಮಧ್ಯಾಹ್ನ ಹೇಗೆ ನಡುಗುತ್ತದೆ ಎಂಬುದು ಮೊದಲು ನಮಗೆ ಗೊತ್ತಿರಬೇಕು. ಆಮೇಲೆ ತಾನೇ ಅದರ ಜ್ವರ ಗುರುತಿಸಲು ಬರುವುದು? ಬೆಂಗಳೂರಿನಿಂದ ಒಂದು ದಿನ ಬಂದು ಹೋಗುವ ತಂಡಕ್ಕೆ ಇದು ಸಾಧ್ಯವಿಲ್ಲ, ಎಷ್ಟೇ ದೊಡ್ಡ ಉಪಕರಣ ತಂದರೂ. ಇಲ್ಲೇ ಇರುವವರಿಗೆ ಮಾತ್ರ ಸಾಧ್ಯ.

ನೆಲವನ್ನು ನೋಡಿ ಹುಟ್ಟಿದ ಸಂಶೋಧನೆ ಹೇಗೆ ದೇಶಕ್ಕೇ ಉಪಯೋಗವಾಗುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆಯಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಕಾಲುವೆಯ ಕಾಂಕ್ರೀಟು ಒಂದೆರಡು ವರ್ಷದಲ್ಲೇ ಎದ್ದು ಸೀಳುತ್ತಿತ್ತು. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ಉಬ್ಬದಂಥ, ಆದರೆ ಅಂಟುಳ್ಳ ಮಣ್ಣಿನ ಸುಮಾರು ಒಂದು ಮೀಟರ್ ಪದರ ಹಾಕಿದರೆ ಕೆಳಗಿನ ಉಬ್ಬು ಅಡಗುತ್ತದೆಂದು ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಯ ಎರೆ ನೆಲ ಆ ವಿಚಾರವನ್ನು ಒರೆಗೆ ಹಚ್ಚಿದ ಜಾಗಗಳಲ್ಲೊಂದು. ಸಿಎನ್‌ಎಸ್ ಪದರ ಎಂಬ ಹೆಸರಿನಲ್ಲಿ ಅದು ಇವತ್ತು ಪ್ರತಿಯೊಬ್ಬ ಕಾಲುವೆ ಎಂಜಿನಿಯರಿಗೂ ಗೊತ್ತು, ಭಾರತೀಯ ಮಾನಕಗಳಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಮಣ್ಣು ಇಲ್ಲಿಯದು, ತೊಂದರೆ ಇಲ್ಲಿಯದು, ಪರಿಹಾರ ಇಡೀ ದೇಶದ್ದು.

ಮಣ್ಣಿನ ಮಾತು ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ, ಕಾಲುವೆಯ ಏರಿಗೆಂದು ನೀರಾವರಿ ಇಲಾಖೆ ಮೇಲ್ಮಣ್ಣು ತೆಗೆದಾಗ, ಕೆಳಗೆ ಆದಿಮಾನವರ ಕಲ್ಲಿನ ಕಾರ್ಯಾಗಾರವೊಂದು ಬಯಲಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಉತ್ಖನನ ನಡೆಸಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಲೆಕ್ಕ ಬಂದಿದೆ. ಆ ಜನ ಸುಣ್ಣಕಲ್ಲಿನ ಹಾಸುಗಳಲ್ಲಿ ತಮಗೆ ಬೇಕಾದ ದಪ್ಪದವನ್ನು ಆರಿಸಿ, ಅಲ್ಲೇ ಕೂತು ಕೊಡಲಿ ಕೆತ್ತಿದ್ದರು. ವಸ್ತುವನ್ನು ಪರೀಕ್ಷಿಸಿ ಆರಿಸುವ ಬುದ್ಧಿ ಈ ಬಯಲಿನಲ್ಲಿ ಅಷ್ಟು ಹಳೆಯದು ಎಂದು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಇನ್ನೊಂದು ಸುದ್ದಿ ನಮ್ಮ ಯುವಕರಲ್ಲಿ ಬಹಳ ಓಡಾಡಿದೆ: ಯಾದಗಿರಿಯಲ್ಲಿ ಲಿಥಿಯಂ ಸಿಕ್ಕಿದೆಯಂತೆ ಎಂದು. ಪರಮಾಣು ಖನಿಜ ನಿರ್ದೇಶನಾಲಯ ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲ ಗುರುತಿಸಿದೆ. ಯಾದಗಿರಿ ಜಿಲ್ಲೆಯಲ್ಲಿ ಪ್ರಾಥಮಿಕ ಸಮೀಕ್ಷೆ ಮತ್ತು ಸೀಮಿತ ಭೂಗರ್ಭ ಶೋಧ ನಡೆಸಿದೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ಸಂಸತ್ತಿಗೆ ತಿಳಿಸಿದೆ. ಸಮೀಕ್ಷೆ ಬೇರೆ, ಗಣಿ ಬೇರೆ. ನಮ್ಮದೇ ಜಿಲ್ಲೆಯ ಗೋಗಿಯ ಯುರೇನಿಯಂ ಅನ್ವೇಷಣೆ ಸುತ್ತಲಿನ ಹಳ್ಳಿಗಳಲ್ಲಿ ಎಬ್ಬಿಸಿದ ಆತಂಕ ನಮಗೆಲ್ಲ ಗೊತ್ತಿದೆ. ನೆಲದಡಿಯ ಅದಿರು ಬರಲಿ ಬಿಡಲಿ, ಬ್ಯಾಟರಿಯನ್ನು ಅರ್ಥ ಮಾಡಿಕೊಂಡ ನೂರು ಹುಡುಗ–ಹುಡುಗಿಯರು ಇಲ್ಲಿದ್ದರೆ ಅದು ಹೆಚ್ಚು ದಿನ ಬಾಳುವ ಸಂಪತ್ತು. ಇದು ನನ್ನ ಅಭಿಪ್ರಾಯ. ಒಪ್ಪದವರು ಚರ್ಚೆಯಲ್ಲಿ ಖಂಡಿತ ಹೇಳಿ.

ಎಲ್ಲವನ್ನೂ ಬ್ಯಾಟರಿಗೆ ಒಪ್ಪಿಸಬೇಕೆಂದೂ ನಾನು ಹೇಳುವುದಿಲ್ಲ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಹತ್ತಿರದ ಖಡಕವಾಸಲಾದಲ್ಲಿ ಕೂತವು. ಮುಂದೆ ಕೃಷ್ಣರಾಜಸಾಗರಕ್ಕೂ ಆ ಬಗೆಯವು ಬಂದವು. ನೀರು ಗೊತ್ತಾದ ಮಟ್ಟ ದಾಟಿದರೆ ಆ ನೀರಿನ ಬಲದಿಂದಲೇ ತೆರೆದುಕೊಳ್ಳುವ, ಇಳಿದರೆ ಮುಚ್ಚಿಕೊಳ್ಳುವ ಗೇಟುಗಳು. ಕರೆಂಟಿಲ್ಲ, ಸಂದೇಶವಿಲ್ಲ, ಮನುಷ್ಯನೂ ಬೇಕಿಲ್ಲ. ದೂರನಿಯಂತ್ರಣದ ಕಾಲುವೆಯಲ್ಲಿ ರೇಡಿಯೋ ಸತ್ತರೆ ಗೇಟು ಯಾವ ಸ್ಥಿತಿಯಲ್ಲಿ ನಿಲ್ಲಬೇಕು? ಬ್ಯಾಟರಿ ಸತ್ತರೆ ಹೆಚ್ಚುವರಿ ನೀರು ತಾನಾಗಿ ಹೊರಹೋಗಲು ಎಲ್ಲಿ ದಾರಿ ಬಿಡಬೇಕು? ನಾಲೆಯೊಂದು ಒಡೆದು ಹೊಲಕ್ಕೆ ನುಗ್ಗಿದರೆ ಆ ವರ್ಷದ ಬೆಳೆ ಹೋದಂತೆ. ಈ ಪ್ರಶ್ನೆಗಳನ್ನು ಒಂದೊಂದು ಗೇಟಿಗೂ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಒಂದೇ ಉತ್ತರ ಎಲ್ಲದಕ್ಕೂ ಹೊಂದುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸುರಪುರದ ಎಂಜಿನಿಯರಿಂಗ್ ಕಾಲೇಜು, ಜಿಲ್ಲೆಯ ಪಾಲಿಟೆಕ್ನಿಕ್‌ಗಳು, ಭೀಮರಾಯನಗುಡಿಯ ಕೃಷಿ ಕಾಲೇಜು ಸೇರಿ, ಇಲಾಖೆಯ ಒಪ್ಪಿಗೆ ಪಡೆದು, ಒಂದು ಸೇತುವೆ, ಒಂದು ಅಕ್ವೆಡಕ್ಟ್, ಕಾಲುವೆಯ ಹತ್ತು ಗೇಟು–ಡಬ್ಬಿಗಳನ್ನು ದತ್ತು ತೆಗೆದುಕೊಳ್ಳಲಿ. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆಂದು ಅಂಗಡಿಯಿಂದ ಕಿಟ್ ಕೊಂಡು ತಂದು, ತೋರಿಸಿ, ಕಪಾಟಿಗೆ ಸೇರಿಸುವುದನ್ನು ಬಿಟ್ಟು ಇವನ್ನು ಅಳೆಯಲಿ: ಡಬ್ಬಿಯೊಳಗಿನ ಉಷ್ಣತೆ, ಬ್ಯಾಟರಿಯ ಆಂತರಿಕ ರೋಧ, ಗೇಟು ಎತ್ತುವ ಮೋಟರು ಎಳೆಯುವ ಆಂಪಿಯರ್, ಸೇತುವೆಯ ಆವರ್ತನ, ಕಂಬದ ಬುಡದ ಆಳ. ಕೊನೆಯದಕ್ಕೆ ದೊಡ್ಡ ರೋಬೋಟು ಬೇಡ. ಸದ್ದಿನಿಂದ ಆಳ ಅಳೆಯುವ ಎಕೋ ಸೌಂಡರ್ ಹೊತ್ತ, ಬ್ಯಾಟರಿಯಿಂದ ಓಡುವ ಸಣ್ಣ ದೋಣಿಯನ್ನು ವಿದ್ಯಾರ್ಥಿಗಳೇ ಕಟ್ಟಬಹುದು. ಅಳತೆಯ ಪುಸ್ತಕ ಗ್ರಂಥಾಲಯದಲ್ಲಿರಲಿ, ಕನ್ನಡದಲ್ಲಿರಲಿ, ಮುಂದಿನ ಬ್ಯಾಚು ಅದೇ ಪುಟದ ಕೆಳಗಿನ ಸಾಲಿನಿಂದ ಶುರು ಮಾಡಲಿ. ಗೇಟನ್ನು ವರ್ಷಗಟ್ಟಲೆ ಕೈಯಾರೆ ತಿರುಗಿಸಿದ ಗ್ಯಾಂಗ್‌ಮನ್‌ಗಳನ್ನು ಮೊದಲ ಪಾಠಕ್ಕೆ ಕರೆಯಿರಿ. ಯಾವ ಗೇಟು ಯಾವ ತಿಂಗಳಲ್ಲಿ ಬಿಗಿಯುತ್ತದೆಂದು ಅವರ ಅಂಗೈಗೆ ಗೊತ್ತು, ಆ ತಿಳಿವಳಿಕೆ ಎಲ್ಲೂ ಬರೆದಿಲ್ಲ.

ಅಳತೆಯನ್ನು ಅರಗಿಸಿಕೊಳ್ಳಲು ನೆರವು ಬೇಕಾದರೆ ಕೃಷ್ಣರಾಜಸಾಗರದಲ್ಲಿ 1944ರಿಂದ ಇರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣೆಕಟ್ಟುಗಳಿಗೆಂದೇ ಮೀಸಲಾದ ಕೇಂದ್ರವಿದೆ. ಅವರ ಬಳಿ ಕಂಪ್ಯೂಟರುಗಳಿವೆ, ನುರಿತವರಿದ್ದಾರೆ. ಅವರಲ್ಲಿ ಇಲ್ಲದ್ದು ಕೊಳ್ಳೂರು ಸೇತುವೆಯ ಹತ್ತು ವರ್ಷದ ದಿನಚರಿ.

ಹಿಂಗಾರು ಮುಗಿದು ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ, ಮುಂಗಾರಿನ ನೀರು ಬಿಡುವ ತನಕ ಕೆಲವು ವಾರ ಕಾಲುವೆಯ ತಳ ಒಣಗಿರುತ್ತದೆ. ಗೇಟಿನ ಬುಡದ ರಬ್ಬರ್ ಸೀಲು, ಕಾಂಕ್ರೀಟಿನ ಬಿರುಕು, ಡಬ್ಬಿಯ ಒಳಗಿನ ಸೆಕೆ ಮೂರನ್ನೂ ಒಂದೇ ದಿನ ನೋಡಲು ಬರುವುದು ಆಗ. ಬರುವ ಏಪ್ರಿಲ್‌ನಲ್ಲಿ ಶಹಾಪುರ ಶಾಖಾ ಕಾಲುವೆಯ ಒಂದು ಗೇಟಿನಿಂದ ಶುರು ಮಾಡಬಹುದು. ಬೆಳಗ್ಗೆ ಏಳು ಗಂಟೆಗೆ ಒಂದು ಅಳತೆ, ಮಧ್ಯಾಹ್ನ ಎರಡಕ್ಕೆ ಇನ್ನೊಂದು. ಬರಲು ಮನಸ್ಸಿದ್ದವರು ಸಭೆ ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದು ಹೆಸರು ಕೊಡಿ, ಮೊದಲ ದಿನ ನಾನೂ ನಿಮ್ಮ ಜೊತೆ ಬರುತ್ತೇನೆ.